ಹೆಸರಿಲ್ಲದ ಒಂದು ಕಾರ್ಡ್ ಕಳಿಸಲು ಪಟ್ಟ ಪಾಡು

ಹೆಸರು ಹಾಕದೆ ನನ್ನ ಒಂದು ಗುಟ್ಟು ಬರೆದ ಕಾರ್ಡ್ ಕೊನೆಗೂ ಅಮೆರಿಕಕ್ಕೆ ಹೋಯಿತು. ಒಂದು ಪೋಸ್ಟ್ ಕಾರ್ಡ್ ಕಳಿಸೋದಕ್ಕೆ ಇಷ್ಟುದ್ದದ ಪುರಾಣ ಬೇಕಾ ಅಂತ ನಿಮಗೆ ಅನ್ನಿಸಬಹುದು. ಬೇಕು. ನಾನು ಶುರು ಮಾಡಿದಾಗ ಯಾರನ್ನಾದರೂ ಕೇಳೋಣ ಅಂದರೆ ಕೇಳುವ ಹಾಗೇ ಇರಲಿಲ್ಲ. ಪಾಸ್‌ಪೋರ್ಟ್ ಮಾಡಿಸೋದಾದರೆ ಪಕ್ಕದ ಮನೆಯವರನ್ನು ಕೇಳಬಹುದು. ಯಾರಿಗೂ ಹೇಳದ ಮಾತನ್ನು ಹೆಸರು ಹಾಕದೆ ಎಲ್ಲಿಗೆ ಕಳಿಸಬೇಕು ಅಂತ ಯಾರನ್ನು ಕೇಳೋದು? ಕೇಳಿದ ಕೂಡಲೇ "ಏನು ಮಾತು ಅದು?" ಅಂತ ಶುರುವಾಗುತ್ತದೆ.

ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಬರುವ ಊರು, ವರ್ಷ, ಸಂಬಂಧ ಎಲ್ಲವನ್ನೂ ಸ್ವಲ್ಪ ಅದಲು ಬದಲು ಮಾಡಿದ್ದೇನೆ. ಅಕ್ಕ ಅಂದಿದ್ದೇನೆ, ಅಕ್ಕ ಅಂತಲೇ ಇಟ್ಟುಕೊಳ್ಳಿ. ಅಂಚೆ, ದುಡ್ಡು, ಕಾಯುವಿಕೆ ಇವು ಮಾತ್ರ ನಡೆದ ಹಾಗೇ ಇವೆ.

ವಿಷಯ ಇಷ್ಟು. ನಮ್ಮದು ಕಬ್ಬಿನ ಊರು. ಒಂದು ವರ್ಷ ಕಬ್ಬಿನ ದುಡ್ಡು ಕೈಗೆ ಬರಲಿಲ್ಲ. ಅಕ್ಕ ಆಗ ತಾನೇ ಪಿಯುಸಿ ಸೈನ್ಸ್ ಮುಗಿಸಿದ್ದಳು, ನಾನು ಎಸ್ಸೆಸ್ಸೆಲ್ಸಿ. ಇಬ್ಬರನ್ನೂ ಓದಿಸುವಷ್ಟು ಅಪ್ಪನ ಹತ್ತಿರ ಇರಲಿಲ್ಲ. ಒಂದು ರಾತ್ರಿ ಅಡುಗೆಮನೆಯಲ್ಲಿ ಅಪ್ಪ, ಅಮ್ಮ, ಅಕ್ಕ ಕೂತು ಮಾತಾಡಿದರು. ನಾನು ನಡುಮನೆಯಲ್ಲಿ ಚಾಪೆ ಮೇಲೆ ಮಲಗಿದ್ದೆ. "ಅವಳೇ ಓದ್ಲಿ ಬಿಡಿ, ನಂಗೆ ತಲೆಗೆ ಹತ್ತಲ್ಲ" ಅಂದಳು ಅಕ್ಕ. ಅದಾದ ಮೇಲೆ ಹೊರಗೆ ನೀರಿನ ತೊಟ್ಟಿ ಹತ್ತಿರ ಹೋಗಿ ತುಂಬಾ ಹೊತ್ತು ಮುಖ ತೊಳೆಯುತ್ತಲೇ ಇದ್ದಳು. ನಾನು ಎಚ್ಚರವಾಗಿದ್ದೆ. ಅದು ಯಾರಿಗೂ ಗೊತ್ತಿಲ್ಲ.

ಆಮೇಲೆ ಮನೆಯಲ್ಲಿ ಅದೇ ಮಾತು ನಿಂತುಹೋಯಿತು. "ದೊಡ್ಡೋಳಿಗೆ ಓದಿನ ಮೇಲೆ ಮನಸ್ಸಿರಲಿಲ್ಲ." ಅಪ್ಪ ಅಂದರು, ಅಮ್ಮ ಅಂದರು, ಮದುವೆ ಮಾತುಕತೆಯಲ್ಲಿ ಬಂದವರಿಗೂ ಹಾಗೇ ಹೇಳಿದರು. ಎಲ್ಲಕ್ಕಿಂತ ಜಾಸ್ತಿ ಅಕ್ಕನೇ ಹೇಳುತ್ತಾಳೆ, ನಗುತ್ತಾ ಹೇಳುತ್ತಾಳೆ. ಈಗ ನಾನು ಹೋಗಿ "ಇಲ್ಲ, ನನಗೆ ಗೊತ್ತಿತ್ತು" ಅಂದರೆ ಏನಾಗುತ್ತದೆ? ಅವಳು ಇಷ್ಟು ವರ್ಷ ಕಾಪಾಡಿಕೊಂಡು ಬಂದ ಮಾತನ್ನು ನಾನು ಅವಳ ಮುಂದೆಯೇ ಕಿತ್ತುಹಾಕಿದ ಹಾಗೆ. ಹಾಗಾಗಿ ಹೇಳಲಿಲ್ಲ. ಹೇಳದೆ ಇರೋದಕ್ಕೂ ಆಗುತ್ತಿರಲಿಲ್ಲ.

ಮೊದಲು ಹುಡುಕಿದ್ದು ಫೋನಿನಲ್ಲೇ. ಕಾಲೇಜು ಹುಡುಗರು ನಡೆಸುವ ಕನ್ಫೆಶನ್ ಪೇಜುಗಳು ನಿಮಗೂ ಗೊತ್ತಿರುತ್ತವೆ. ಒಂದು ಗೂಗಲ್ ಫಾರ್ಮ್ ಕೊಟ್ಟಿರುತ್ತಾರೆ, ಅದರಲ್ಲಿ ಬರೆದರೆ ಅಡ್ಮಿನ್ ಓದಿ ಹೆಸರಿಲ್ಲದೆ ಹಾಕುತ್ತಾನೆ. ಇಲ್ಲೊಂದು ವಿಷಯ ಗಮನಿಸಿ. ಫಾರ್ಮ್ ಮಾಡಿದವನು ಬೇಕೆಂದರೆ ತುಂಬಿದವರ ಇಮೇಲ್ ಕೂಡ ತೆಗೆದುಕೊಳ್ಳುವ ಹಾಗೆ ಇಡಬಹುದು. ಹಾಗಿಟ್ಟಿದ್ದರೆ ಫಾರ್ಮಿನ ಮೇಲ್ಗಡೆಯೇ ಸಣ್ಣದಾಗಿ ಬರೆದಿರುತ್ತದೆ, ನಾವು ನೋಡಲ್ಲ ಅಷ್ಟೇ. ಅಡ್ಮಿನ್ ಯಾರೋ ನಮ್ಮೂರ ಕಡೆ ಹುಡುಗನೇ ಆಗಿದ್ದರೆ ಮುಗಿಯಿತು ಕಥೆ.

ಆ್ಯಪ್‌ಗಳ ಮೇಲೆ ನನಗೆ ಮೊದಲಿಂದಲೂ ನಂಬಿಕೆ ಕಡಿಮೆ. 2017ರಲ್ಲಿ ಸರಾಹಾ ಅಂತ ಒಂದು ಬಂದಿತ್ತು, ಎಲ್ಲರ ಸ್ಟೇಟಸ್‌ನಲ್ಲೂ ಅದೇ. ಹೆಸರು ಹೇಳದೆ ಯಾರಿಗೆ ಏನು ಬೇಕಾದರೂ ಬರೆಯಬಹುದಿತ್ತು. ಆಮೇಲೆ ನೋಡಿದರೆ ಅದು ಫೋನಿನಲ್ಲಿದ್ದ ಕಾಂಟ್ಯಾಕ್ಟ್ ನಂಬರುಗಳನ್ನೆಲ್ಲ ತನ್ನ ಸರ್ವರಿಗೆ ಏರಿಸಿಕೊಳ್ಳುತ್ತಿದೆ ಅಂತ ಗೊತ್ತಾಯಿತು. ಮಕ್ಕಳಿಗೆ ಅದರಲ್ಲಿ ಕೆಟ್ಟ ಕೆಟ್ಟ ಮಾತು ಬರುತ್ತಿದೆ ಅಂತ ದೂರುಗಳು ಜಾಸ್ತಿಯಾಗಿ 2018ರಲ್ಲಿ ಆಪಲ್, ಗೂಗಲ್ ಎರಡೂ ತಮ್ಮ ಆ್ಯಪ್ ಅಂಗಡಿಯಿಂದ ತೆಗೆದುಹಾಕಿದವು. ಇನ್ನೊಂದು ಎನ್‌ಜಿಎಲ್. ಅದು ತಾನೇ ಸುಳ್ಳು ಸಂದೇಶ ಕಳಿಸಿ, ಯಾರು ಕಳಿಸಿದ್ದು ಅಂತ ತಿಳಿಯೋಕೆ ದುಡ್ಡು ಕಟ್ಟಿ ಅಂತ ಆಸೆ ತೋರಿಸುತ್ತಿತ್ತು ಎಂಬ ಆರೋಪಕ್ಕೆ 2024ರಲ್ಲಿ ಅಮೆರಿಕದಲ್ಲಿ 50 ಲಕ್ಷ ಡಾಲರ್ ಕಟ್ಟೋಕೆ ಒಪ್ಪಿಕೊಂಡಿತು. ಅಕ್ಕನ ವಿಷಯವನ್ನು ಇಂಥ ಕಡೆ ಬರೆಯೋಕೆ ನನಗೆ ಕೈ ಬರಲಿಲ್ಲ.

ಅನ್‌ಸೆಂಟ್ ಪ್ರಾಜೆಕ್ಟ್ ಅಂತ ಒಂದಿದೆ, ಅದು ಚೆನ್ನಾಗಿದೆ. ರೋರಾ ಬ್ಲೂ ಎಂಬ ಕಲಾವಿದೆ 2015ರಲ್ಲಿ ಶುರು ಮಾಡಿದ್ದು. ಮೊದಲ ಪ್ರೀತಿಗೆ ಕಳಿಸದೆ ಉಳಿದ ಮೆಸೇಜುಗಳನ್ನು ಅಲ್ಲಿ ಬರೆಯಬಹುದು. ಯಾರಿಗೆ ಅನ್ನೋ ಹೆಸರು ಮಾತ್ರ ಹಾಕಬೇಕು, ನಮ್ಮ ಹೆಸರು ಬೇಡ. ಆ ವ್ಯಕ್ತಿಯನ್ನು ನೆನೆದಾಗ ಯಾವ ಬಣ್ಣ ಕಣ್ಣ ಮುಂದೆ ಬರುತ್ತದೋ ಅದನ್ನು ಆರಿಸಬೇಕು. ಹೆಸರು ಹಾಕಿ ಹುಡುಕಿದರೆ ಬಣ್ಣ ಬಣ್ಣದ ಚೌಕಗಳಲ್ಲಿ ಆ ಹೆಸರಿಗೆ ಬಂದ ಮೆಸೇಜುಗಳು ಸಾಲಾಗಿ ಬರುತ್ತವೆ. ರಾತ್ರಿ ಎಲ್ಲ ಮಲಗಿದ ಮೇಲೆ ಕೂತು ಎಷ್ಟೋ ಹೆಸರು ಹುಡುಕಿದೆ, ನನ್ನ ಹೆಸರನ್ನೂ ಹುಡುಕಿದೆ. (ಎಲ್ಲರೂ ಹುಡುಕುತ್ತಾರೆ, ಸುಮ್ನೆ ಇಲ್ಲ ಅನ್ನಬೇಡಿ.) ಆದರೆ ಅಲ್ಲಿರೋದು ಹೆಚ್ಚಾಗಿ ಹುಡುಗ ಹುಡುಗಿಯರ ಪ್ರೀತಿಯ ಮಾತು. ಅದರ ನಡುವೆ ಅಕ್ಕ ಹೊಂದಲಿಲ್ಲ. ನಿಮ್ಮದು ಪ್ರೀತಿಯ ವಿಷಯವಾದರೆ ಅದೇ ಸಾಕು, ಮುಂದೆ ಓದೋದೇ ಬೇಡ. ಖರ್ಚಿಲ್ಲ, ಐದು ನಿಮಿಷದ ಕೆಲಸ.

ಹಾಗೆ ಹುಡುಕುತ್ತಾ ಸಿಕ್ಕಿದ್ದು ಪೋಸ್ಟ್‌ಸೀಕ್ರೆಟ್. ಕೆಲವರಿಗೆ ಗೊತ್ತಿರಬಹುದು. ಅಮೆರಿಕದ ಮೇರಿಲ್ಯಾಂಡ್‌ನಲ್ಲಿದ್ದ ಫ್ರಾಂಕ್ ವಾರನ್ ಎಂಬಾತ 2004ರ ನವೆಂಬರ್‌ನಲ್ಲಿ 3,000 ಖಾಲಿ ಕಾರ್ಡುಗಳ ಮೇಲೆ ತನ್ನ ವಿಳಾಸ ಅಚ್ಚು ಹಾಕಿಸಿ ವಾಷಿಂಗ್ಟನ್‌ನಲ್ಲಿ ಗುರುತಿಲ್ಲದವರಿಗೆ ಹಂಚಿದ. ನಿಮ್ಮ ಒಂದು ಗುಟ್ಟು ಬರೆದು ಕಳಿಸಿ, ಹೆಸರು ಬೇಡ ಅಂದ. ಕಾರ್ಡುಗಳನ್ನು ಪ್ರದರ್ಶನಕ್ಕೆ ಇಟ್ಟು ಮುಗಿಸಿದ ಮೇಲೂ ಬರೋದು ನಿಲ್ಲಲಿಲ್ಲ, ಜನ ತಾವೇ ಕಾರ್ಡ್ ಮಾಡಿ ಕಳಿಸತೊಡಗಿದರು. 2005ರ ಜನವರಿಯಿಂದ ಪ್ರತಿ ಭಾನುವಾರ ಒಂದಿಷ್ಟನ್ನು ಆರಿಸಿ ತನ್ನ ತಾಣದಲ್ಲಿ ಹಾಕುತ್ತಾ ಬಂದಿದ್ದಾನೆ. ಇಲ್ಲಿವರೆಗೆ ಬಂದಿರೋ ಕಾರ್ಡು 10 ಲಕ್ಷ ದಾಟಿದೆ. ಅಲ್ಲಿನ ಸ್ಮಿತ್ಸೋನಿಯನ್ ಅಂಚೆ ಮ್ಯೂಸಿಯಂನಲ್ಲೂ 2015ರಲ್ಲಿ ಪ್ರದರ್ಶನ ಆಗಿತ್ತು. ನನಗೆ ಹಿಡಿಸಿದ್ದು ಇನ್ನೊಂದು ವಿಷಯ. 2011ರಲ್ಲಿ ಅವರೂ ಆ್ಯಪ್ ಮಾಡಿದ್ದರಂತೆ, ಕೆಟ್ಟದ್ದೆಲ್ಲ ಬರೆಯುವವರ ಕಾಟ ತಡೆಯಲಾಗದೆ ಕೆಲವೇ ತಿಂಗಳಲ್ಲಿ ಮುಚ್ಚಿದರು. ಕಾರ್ಡ್ ಮಾತ್ರ ಉಳಿಯಿತು. ಒಬ್ಬರಿಗೆ ಕೆಟ್ಟದ್ದು ಬರೆಯೋಕೆ ಯಾರೂ ಕೂತು ಚಿತ್ರ ಅಂಟಿಸಿ, ಸ್ಟ್ಯಾಂಪ್ ತಂದು ಹಚ್ಚುವಷ್ಟು ಕಷ್ಟ ಪಡಲ್ಲ ಅಲ್ವಾ.

ಶರತ್ತು ಎರಡೇ. ಬರೆದದ್ದು ನಿಜ ಆಗಿರಬೇಕು, ಇದುವರೆಗೆ ಯಾರಿಗೂ ಹೇಳಿರಬಾರದು. ಎರಡನೆಯದರಿಂದ ನನಗೆ ಫಜೀತಿ ಆಯಿತು. ನಮ್ಮ ಮನೆಯವರಿಗೆ ನಾನು ಹೇಳದ ವಿಷಯವೇ ಇಲ್ಲ, ಇದೊಂದು ಬಿಟ್ಟು. ಟೇಬಲ್ ಮೇಲೆ ಕತ್ತರಿ, ಗೋಂದು ಹರಡಿಕೊಂಡು ಕೂತಿದ್ದು ನೋಡಿ "ಮಗುವಿನ ಪ್ರಾಜೆಕ್ಟಾ?" ಅಂದರು. ಹೂಂ ಅಂದೆ.

ಬರೆಯೋದು ಸುಲಭ ಅಂದುಕೊಂಡಿದ್ದೆ. ಮೊದಲನೇ ಸಲ ಕೂತಾಗ ಕೈ ತಾನಾಗೇ "ಇತ್ತ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮ ಸಮಾಚಾರಕ್ಕೆ ಆಗಾಗ ಕಾಗದ ಬರೆಯುತ್ತಿರಿ" ಅಂತ ಶುರು ಮಾಡಿತು. ಕಾಗದ ಬರೆಯೋದು ಕಲಿಸಿದ್ದೂ ಅಕ್ಕನೇ. ಹಾಗೆ ಶುರುವಾದದ್ದು ನಾಲ್ಕು ಪುಟ ಆಯಿತು. ಓದಿ ನೋಡಿದರೆ ಅದರಲ್ಲಿ ಅಕ್ಕ ಇರೋದು ಅರ್ಧ ಪುಟ. ಉಳಿದದ್ದೆಲ್ಲ ನಾನು. ನಾನೆಷ್ಟು ಚಿಕ್ಕವಳಿದ್ದೆ, ನನಗೆ ಏನು ಮಾಡೋಕೆ ಸಾಧ್ಯ ಇತ್ತು, ಆಮೇಲೆ ನಾನು ಅವಳಿಗೆ ಏನೇನು ಮಾಡಿದ್ದೇನೆ, ಅವಳ ಮನೆ ಕಟ್ಟುವಾಗ ಎಷ್ಟು ಕೊಟ್ಟೆ. ಲೆಕ್ಕ ಒಪ್ಪಿಸಿದ ಹಾಗಿತ್ತು. ಗುರುತಿಲ್ಲದ ಒಬ್ಬ ಅಮೆರಿಕದವನಿಗೆ ನಾನು ಒಳ್ಳೆಯವಳು ಅಂತ ಸಾಬೀತು ಮಾಡಿ ಏನಾಗಬೇಕು? ಹರಿದುಹಾಕಿದೆ.

ಇದನ್ನು ಓದುವವರಿಗೆ ನಾನು ಮುಖ್ಯವಾಗಿ ಹೇಳಬೇಕಿರೋದು ಇದೇ ಭಾಗ. ಕಾರ್ಡಿನಲ್ಲಿ ಜಾಗ ಇಲ್ಲ. ಚಿತ್ರ ಬೇರೆ ಬೇಕು, ಅಕ್ಷರ ದಪ್ಪಗೆ ಕಾಣಬೇಕು. ಪದ ಕಡಿಮೆ ಇದ್ದಷ್ಟೂ ಒಳ್ಳೆಯದು ಅಂತ ಪೋಸ್ಟ್‌ಸೀಕ್ರೆಟ್‌ನವರೂ ಹೇಳುತ್ತಾರೆ. ಹಾಗಾಗಿ ಕಡಿಯುತ್ತಾ ಹೋಗಬೇಕು. ಕಡಿಯುವಾಗ ಗೊತ್ತಾಗುತ್ತದೆ ನಮಗೆ ಹೇಳಬೇಕಾಗಿರೋದು ಕ್ಷಮಿಸು ಅಂತಲೋ, ಥ್ಯಾಂಕ್ಸ್ ಅಂತಲೋ, ಇಲ್ಲ ಸಿಟ್ಟೋ ಅಂತ. ನನ್ನದರಲ್ಲಿ ಸಿಟ್ಟೂ ಇತ್ತು. ನನ್ನನ್ನು ಕೇಳದೆ ನನಗೆ ಅಷ್ಟು ದೊಡ್ಡ ಸಾಲ ಹೊರಿಸಿದಳಲ್ಲ ಅಂತ. ಓದುವಾಗ ಒಂದು ಸೆಮಿಸ್ಟರ್ ಮಾರ್ಕ್ಸ್ ಕಡಿಮೆ ಬಂದರೂ ನನಗೆ ಅವಳ ಮುಖ ನೆನಪಾಗುತ್ತಿತ್ತು. ಇದು ಹೊರಗೆ ಬಂದಾಗ ನನಗೇ ಗಾಬರಿಯಾಯಿತು, ಎರಡು ವಾರ ಆ ಕಾಗದ ಮುಟ್ಟಲಿಲ್ಲ. ನಿಮಗೂ ಹೀಗಾಗಬಹುದು. ಬರೆಯೋಕೆ ಕೂತು ಮನಸ್ಸು ತೀರಾ ಕುಸಿದರೆ, ನಿದ್ದೆ ಹೋದರೆ, ಕಾರ್ಡ್ ಪಕ್ಕಕ್ಕಿಟ್ಟು 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ನಿಮ್ಹಾನ್ಸ್‌ನವರೇ ಅದರ ಹಿಂದೆ ಇರೋದು.

ಕೊನೆಗೆ ಉಳಿದದ್ದು ಎರಡು ಸಾಲು. ಅದನ್ನು ಇಲ್ಲಿ ಪೂರ್ತಿ ಬರೆಯಲ್ಲ. ಕನ್ನಡದಲ್ಲಿ ದಪ್ಪಗೆ, ಕೆಳಗೆ ಇಂಗ್ಲಿಷಿನಲ್ಲಿ ಸಣ್ಣದಾಗಿ.

ಚಿತ್ರಕ್ಕೆ ಅಕ್ಕನ ಬಾಟನಿ ರೆಕಾರ್ಡ್ ತೆಗೆದೆ. ಅವಳ ನಂತರ ಅದು ನನಗೆ ಬಂದಿತ್ತು, ನಾನು ಅದನ್ನೇ ನೋಡಿ ನನ್ನ ರೆಕಾರ್ಡ್ ಬರೆದಿದ್ದೆ. ಒಂದು ಕಡೆ ಗೆರೆ ಹಾಳೆ, ಇನ್ನೊಂದು ಕಡೆ ಬಿಳಿ ಹಾಳೆ. ಬಿಳಿ ಹಾಳೆಯ ಮೇಲೆ ದಾಸವಾಳವನ್ನು ಉದ್ದಕ್ಕೆ ಸೀಳಿದ ಚಿತ್ರ. ಚೂಪು ಪೆನ್ಸಿಲಿನಲ್ಲಿ ಬರೆದಿದ್ದಾಳೆ, ಒಂದೇ ಗೆರೆ, ಎಲ್ಲೂ ತೀಡಿಲ್ಲ. ಕೇಸರದ ತುದಿಯ ಒಂದೊಂದು ಕಾಳನ್ನೂ ಬಿಡಿಸಿದ್ದಾಳೆ. ಬಲಗಡೆಗೆ ಸ್ಕೇಲಿಟ್ಟು ಎಳೆದ ಗೆರೆಗಳು, ಅವುಗಳ ತುದಿಯಲ್ಲಿ ಭಾಗಗಳ ಹೆಸರು, ಎಲ್ಲ ಹೆಸರೂ ಒಂದರ ಕೆಳಗೆ ಒಂದು ನೇರ. ಕೆಳಗೆ ಲೆಕ್ಚರರ್ ಕೆಂಪು ಇಂಕಿನ ಸಹಿ. ತಲೆಗೆ ಹತ್ತದವಳು ಬರೆಯುವ ರೆಕಾರ್ಡಾ ಇದು?

ಮೂಲ ಹಾಳೆ ಕತ್ತರಿಸೋಕೆ ಮನಸ್ಸು ಬರಲಿಲ್ಲ. ಜೆರಾಕ್ಸ್ ಮಾಡಿಸಿದೆ. ಸಹಿ, ಸೀಲು ಇದ್ದ ಭಾಗ ಕತ್ತರಿಸಿದೆ. ಭಾಗಗಳ ಹೆಸರು ಅವಳ ಕೈಬರಹ, ಅದರ ಮೇಲೆ ವೈಟ್ನರ್ ಹಚ್ಚಿದೆ. ಖಾಲಿಯಾದ ಗೆರೆಗಳ ತುದಿಯಲ್ಲಿ ನನ್ನ ಎರಡು ಸಾಲನ್ನು ಬಿಡಿಸಿ ಬಿಡಿಸಿ ಬರೆದೆ, ಒಂದೊಂದು ಗೆರೆಗೆ ಒಂದೊಂದು ಪದ. ಕಾರ್ಡಿಗೆ ಅಂಟಿಸಿದ ಮೇಲೆ ಅದು ಹಪ್ಪಳದ ಹಾಗೆ ಸುರುಟಿಕೊಂಡಿತು. ತುಂಬಾ ನೀರಾದ ಗೋಂದು ಹಚ್ಚಬೇಡಿ, ಗ್ಲೂ ಸ್ಟಿಕ್ ತಗೊಳ್ಳಿ, ರಾತ್ರಿಯೆಲ್ಲ ದಪ್ಪ ಪುಸ್ತಕಗಳ ಕೆಳಗಿಡಿ. ಲ್ಯಾಮಿನೇಷನ್ ಬೇಡವೇ ಬೇಡ, ಅದರ ಮೇಲೆ ಸ್ಟ್ಯಾಂಪೂ ನಿಲ್ಲಲ್ಲ, ಸೀಲಿನ ಶಾಯಿಯೂ ನಿಲ್ಲಲ್ಲ. ಅಂಚುಗಳು ಏಳದ ಹಾಗೆ ತೆಳ್ಳಗೆ ಟೇಪ್ ಹಾಕಿದರೆ ಸಾಕು. ಮಿನುಗು, ಗುಂಡಿ, ದಾರ ಇಂಥವು ಅಂಟಿಸಿದರೆ ಮೆಷಿನ್‌ನಲ್ಲಿ ಸಿಕ್ಕಿ ಹರಿಯುತ್ತವೆ. ಅಳತೆ 9 ಸೆಂ.ಮೀ. ಅಗಲ, 14 ಸೆಂ.ಮೀ. ಉದ್ದಕ್ಕಿಂತ ಚಿಕ್ಕದಿರಬಾರದು.

ಹೆಸರು ಬರೆಯದಿದ್ದರೆ ಗುಟ್ಟು ಉಳಿಯುತ್ತದೆ ಅಂತ ಅಂದುಕೊಳ್ಳಬೇಡಿ. ಕಾರ್ಡ್ ತೆರೆದ ಕಾಗದ. ನಮ್ಮೂರಲ್ಲಿ ಪೋಸ್ಟ್‌ಮ್ಯಾನ್ ಕಾರ್ಡ್ ಕೊಡುವ ಮೊದಲೇ ಅದರಲ್ಲಿ ಏನಿದೆ ಅಂತ ಹೇಳಿಬಿಡುತ್ತಿದ್ದ. ಸಾವಿನ ಕಾರ್ಡಾದರೆ ದೂರದಿಂದಲೇ ಅವನ ಮುಖ ನೋಡಿ ಅಮ್ಮ ಬಾಗಿಲಿಗೆ ಬರುತ್ತಿದ್ದಳು, ಓದಿ ಅಲ್ಲೇ ಹರಿದು ಹಾಕುತ್ತಿದ್ದಳು, ಒಳಗೆ ತರುತ್ತಿರಲಿಲ್ಲ. ಹಾಗಾಗಿ ನಿಮ್ಮನ್ನು ಬಲ್ಲವರಿರುವ ಸಣ್ಣ ಅಂಚೆ ಕಚೇರಿಗೆ ಹೋಗಬೇಡಿ. ಸೀಲಿನಲ್ಲಿ ಕಚೇರಿಯ ಹೆಸರೂ ಇರುತ್ತದೆ, ಸಣ್ಣ ಊರಾದರೆ ಊರೇ ಗೊತ್ತಾಗುತ್ತದೆ. ದೊಡ್ಡ ಊರಿನ ದೊಡ್ಡ ಕಚೇರಿಯಲ್ಲಿ ಹಾಕಿದರೆ ಆ ಸೀಲಿನಿಂದ ಏನೂ ತಿಳಿಯಲ್ಲ. ಬೇರೆಯವರ ಹೆಸರು, ಕಾಲೇಜಿನ ಹೆಸರು, ಫೋಟೋದಲ್ಲಿ ಮುಖ, ಇವು ಯಾವುದೂ ಬೇಡ. ನಾವು ಹೆಸರು ಮುಚ್ಚಿಕೊಂಡು ಅವರದನ್ನು ಬಿಚ್ಚಿಡೋದು ನ್ಯಾಯ ಅಲ್ಲ. ಈ ಗುಟ್ಟಿನಲ್ಲಿ ಅರ್ಧ ಅಕ್ಕನದು, ಅವಳನ್ನು ನಾನು ಕೇಳಿಲ್ಲ.

ಈಗ ಅಂಚೆಯ ಕಥೆ. ಇದು 2025ರ ಸೆಪ್ಟೆಂಬರ್. ಕಾರ್ಡ್ ತಗೊಂಡು ಒಂದು ದೊಡ್ಡ ಅಂಚೆ ಕಚೇರಿಗೆ ಹೋದೆ. ಟೋಕನ್ ಕೊಟ್ಟರು, ಕೂತೆ. ಮುಂದೆ ಇದ್ದವರೆಲ್ಲ ಆಧಾರ್ ತಿದ್ದುಪಡಿಗೆ ಬಂದವರು. ನನ್ನ ಸರದಿ ಬಂದಾಗ ಕೌಂಟರಿನವರು ವಿಳಾಸ ನೋಡಿ "ಅಮೆರಿಕಕ್ಕೆ ಏನೂ ತಗೋತಿಲ್ಲ ಮೇಡಂ" ಅಂದರು. ಪಾರ್ಸೆಲ್ ಅಲ್ಲ, ಕಾರ್ಡ್ ಅಂದೆ. "ಕಾರ್ಡೂ ಇಲ್ಲ, ಲೆಟರೂ ಇಲ್ಲ."

ವಿಷಯ ಏನಪ್ಪ ಅಂದರೆ, 800 ಡಾಲರ್‌ವರೆಗಿನ ಸಾಮಾನಿಗೆ ಅಮೆರಿಕದಲ್ಲಿ ಸುಂಕ ಇರಲಿಲ್ಲ, ಆ ವಿನಾಯಿತಿಯನ್ನು ಅವರು ಆಗಸ್ಟ್ 29ರಿಂದ ತೆಗೆದುಹಾಕಿದರು. ಸುಂಕ ಯಾರು ವಸೂಲಿ ಮಾಡಬೇಕು, ಹೇಗೆ ಕಟ್ಟಬೇಕು ಅನ್ನೋದು ಸ್ಪಷ್ಟ ಇಲ್ಲ ಅಂತ ವಿಮಾನ ಕಂಪನಿಗಳು ಅಂಚೆ ಚೀಲ ತಗೊಳ್ಳೋಕೆ ಒಪ್ಪಲಿಲ್ಲ. ನಮ್ಮ ಅಂಚೆ ಇಲಾಖೆ ಮೊದಲು ಆಗಸ್ಟ್ 25ರಿಂದ ಪಾರ್ಸೆಲ್ ನಿಲ್ಲಿಸಿತು. ಪತ್ರ, ದಾಖಲೆ, 100 ಡಾಲರ್‌ವರೆಗಿನ ಉಡುಗೊರೆಗೆ ತೊಂದರೆ ಇಲ್ಲ ಅಂದಿತ್ತು. ನಾನು ಪೇಪರಿನಲ್ಲಿ ಓದಿದ್ದು ಅಷ್ಟೇ. ಆ ತಿಂಗಳ ಕೊನೆಗೆ ಅದನ್ನೂ ನಿಲ್ಲಿಸಿದರು. ಎರಡು ಸರ್ಕಾರಗಳ ಸುಂಕದ ಜಗಳ ನನ್ನ ದಾಸವಾಳದ ಕಾರ್ಡಿಗೆ ಬಂದು ತಗಲಿಕೊಂಡಿತು ನೋಡಿ.

ಸ್ಟ್ಯಾಂಪ್ ಹಚ್ಚಿ ಡಬ್ಬಿಗೆ ಹಾಕಿಬಿಡಲಾ ಅಂತಲೂ ಯೋಚನೆ ಬಂತು. ಹೋಗದ ಕಾಗದ ಕಳಿಸಿದವರಿಗೆ ವಾಪಸ್ ಬರಬೇಕು, ನನ್ನದರಲ್ಲಿ ಕಳಿಸಿದವರ ವಿಳಾಸವೇ ಇಲ್ಲ. ಎಲ್ಲೋ ಮೂಲೆಯಲ್ಲಿ ಬಿದ್ದು ಕೊಳೆಯುತ್ತದೆ. ಬೇಡ ಅಂದುಕೊಂಡೆ.

ಕೊರಿಯರ್ ವಿಚಾರಿಸಿದೆ. ಸಾವಿರಾರು ರೂಪಾಯಿ ಹೇಳಿದರು. ದುಡ್ಡು ಹಾಳಾಗಿ ಹೋಗಲಿ, "ಕಳಿಸುವವರ ಆಧಾರ್ ಕಾಪಿ ಕೊಡಿ, ಒಳಗೆ ಏನಿದೆ ಅಂತ ಬರೆದು ಸಹಿ ಮಾಡಿ" ಅಂದರು. ಏನಂತ ಬರೆಯೋದು? ನಗು ಬಂತು, ಹೊರಗೆ ಬಂದೆ. ವಿದೇಶಕ್ಕೆ ಕೊರಿಯರ್ ಮಾಡಬೇಕಾದರೆ ಗುರುತಿನ ಚೀಟಿ ಬೇಕು, ಅದು ನೆನಪಿರಲಿ. ಅಂಚೆಯಲ್ಲೂ ಟ್ರ್ಯಾಕಿಂಗ್ ಇರುವ ಸೇವೆಗೆ ನಿಮ್ಮ ಹೆಸರು, ವಿಳಾಸ, ಫೋನ್ ನಂಬರ್ ಬೇಕೇ ಬೇಕು. ಸಾದಾ ಅಂಚೆಗೆ ಮಾತ್ರ ಏನೂ ಕೇಳಲ್ಲ. ಹೆಸರು ಬೇಡ ಅಂದರೆ ರಸೀದಿಯೂ ಇಲ್ಲ, ತಲುಪಿತಾ ಅಂತ ತಿಳಿಯುವ ದಾರಿಯೂ ಇಲ್ಲ. ಅಮೆರಿಕದಲ್ಲಿರುವ ನೆಂಟರಿಗೆ ಫೋಟೋ ಕಳಿಸಿ ಪ್ರಿಂಟ್ ಹಾಕಿಸಿ ಪೋಸ್ಟ್ ಮಾಡಿಸೋಣ ಅಂದರೆ ಅವರು ಓದುತ್ತಾರೆ. ನಮ್ಮ ಕಡೆಯವರು ಓದಿದರೆ ಮಾರನೇ ದಿನ ಅಮ್ಮನಿಗೆ ಫೋನ್.

ಕಾಯೋದಷ್ಟೇ ಉಳಿಯಿತು. ಕಾರ್ಡನ್ನು ರೆಕಾರ್ಡಿನೊಳಗೇ ಇಟ್ಟು, ರೆಕಾರ್ಡನ್ನು ಸೀರೆಗಳ ಕೆಳಗಿಟ್ಟೆ. ಕಾಯುವಾಗ ಕಾರ್ಡ್ ಕೈಯಲ್ಲೇ ಇರೋದು ಒಂದು ಕಾಟ. ತೆಗೆದು ಓದಬೇಕು ಅನ್ನಿಸುತ್ತದೆ, ಓದಿದರೆ ಬದಲಿಸಬೇಕು ಅನ್ನಿಸುತ್ತದೆ. ಒಂದು ಸಲ ಎರಡನೇ ಸಾಲು ಬೇಡವೇನೋ ಅನ್ನಿಸಿ ವೈಟ್ನರ್ ಕೈಗೆತ್ತಿಕೊಂಡಿದ್ದೆ. ಅಷ್ಟರಲ್ಲಿ ಕುಕ್ಕರ್ ಕೂಗಿತು, ಬಚಾವಾಯಿತು.

ಆ ದಿನಗಳಲ್ಲಿ ಜಪಾನಿನ ಒಂದು ಅಂಚೆ ಕಚೇರಿಯ ಬಗ್ಗೆ ಓದಿದೆ. ಕಗಾವಾ ಪ್ರಾಂತ್ಯದಲ್ಲಿ ಅವಾಶಿಮಾ ಅಂತ ಪುಟ್ಟ ದ್ವೀಪ. ಅಲ್ಲಿ ಮುಚ್ಚಿಹೋಗಿದ್ದ ಹಳೇ ಅಂಚೆ ಕಚೇರಿಯನ್ನು 2013ರ ಸೆಟೊಉಚಿ ಕಲಾ ಉತ್ಸವಕ್ಕೆ ಸಾಯಾ ಕುಬೊಟಾ ಎಂಬ ಕಲಾವಿದೆ ಹೊಸ ಥರ ತೆರೆದಳು. ತಲುಪಿಸೋಕೆ ವಿಳಾಸವೇ ಇಲ್ಲದ ಕಾಗದಗಳು ಅಲ್ಲಿಗೆ ಹೋಗುತ್ತವೆ. ತೀರಿಕೊಂಡ ಗಂಡನಿಗೆ, ಹುಟ್ಟದ ಮಗುವಿಗೆ, ಕಳೆದುಹೋದ ಗೆಳತಿಗೆ, ಹೀಗೆ. ಒಂದು ಕಾಲಕ್ಕೆ ಅದೇ ಕಚೇರಿಯಲ್ಲಿ ನಿಜವಾದ ಪೋಸ್ಟ್‌ಮಾಸ್ಟರ್ ಆಗಿದ್ದ ವಯಸ್ಸಾದವರೇ ಇಲ್ಲೂ ಪೋಸ್ಟ್‌ಮಾಸ್ಟರ್ ಆಗಿ ಕೂತರು. ಬಂದವರು ಕಾಗದಗಳನ್ನು ಓದಬಹುದು, ಯಾವುದಾದರೂ ತನಗೇ ಬರೆದದ್ದು ಅಂತ ಅನ್ನಿಸಿದರೆ ತಗೊಂಡು ಹೋಗಬಹುದು. ಕಳಿಸಿದವರಿಗೆ ವಾಪಸ್ ಮಾತ್ರ ಇಲ್ಲ. ನಿಮ್ಮ ಮಾತು ಹೋಗಿಬಿಟ್ಟವರಿಗೆ ಹೇಳಬೇಕಾದದ್ದಾದರೆ ಪೋಸ್ಟ್‌ಸೀಕ್ರೆಟ್‌ಗಿಂತ ಇದೇ ಸರಿ ಅಂತ ನನಗೆ ಕಾಣುತ್ತದೆ. ಅಲ್ಲಿ ಬಂದದ್ದರಲ್ಲಿ ಯಾರೂ ಆರಿಸಲ್ಲ. ಅಕ್ಕ ಇದ್ದಾಳೆ, ಚೆನ್ನಾಗಿದ್ದಾಳೆ, ವಾರಕ್ಕೊಮ್ಮೆ ಫೋನ್ ಮಾಡಿ ತರಕಾರಿ ರೇಟ್ ಹೇಳುತ್ತಾಳೆ. ಅವಳ ಕಾರ್ಡನ್ನು ಅಲ್ಲಿಗೆ ಕಳಿಸೋಕೆ ಮನಸ್ಸು ಒಪ್ಪಲಿಲ್ಲ.

ಅಕ್ಟೋಬರ್ 15ರಿಂದ ಅಮೆರಿಕದ ಅಂಚೆ ಮತ್ತೆ ಶುರು ಅಂತ ಸುದ್ದಿ ಬಂತು. ಈ ಸಲ ಬೆಂಗಳೂರು ಜಿಪಿಒಗೇ, ಅಂದರೆ ಪ್ರಧಾನ ಅಂಚೆ ಕಚೇರಿಗೇ ಹೋದೆ, ವಿಧಾನಸೌಧದ ಹತ್ತಿರ ಇದೆಯಲ್ಲ ಆ ಕಲ್ಲಿನ ಕಟ್ಟಡ. ಅಲ್ಲಿ ಸ್ಟ್ಯಾಂಪ್ ಸಂಗ್ರಹದವರ ಬ್ಯೂರೋ ಕೂಡ ಇದೆ, ಬಣ್ಣದ ಒಳ್ಳೆ ಸ್ಟ್ಯಾಂಪುಗಳು ಬೇಕೆಂದರೆ ಅಲ್ಲಿ ಕೇಳಿ. ಸಾದಾ 50 ಪೈಸೆ ಕಾರ್ಡಿಗೂ ಇದಕ್ಕೂ ಸಂಬಂಧ ಇಲ್ಲ, ಆ ದರ ನಮ್ಮ ದೇಶದೊಳಗೆ ಮಾತ್ರ. ವಿದೇಶಿ ಕಾರ್ಡಿನ ದರ ಬೇರೆ, ಬದಲಾಗುತ್ತಲೂ ಇರುತ್ತದೆ, ಅದಕ್ಕೇ ನಾನು ಇಲ್ಲಿ ಹಾಕುತ್ತಿಲ್ಲ. ಕೌಂಟರಿನಲ್ಲೇ ತೂಗಿಸಿ ಕೇಳಿ, ಹೆಚ್ಚೇನೂ ಆಗಲ್ಲ. ಚಿತ್ರ ಅಂಟಿಸಿ ದಪ್ಪ ಆಗಿದ್ದರೆ ಲಕೋಟೆಯ ದರ ಹಾಕು ಅನ್ನಬಹುದು, ಜಗಳ ಆಡಬೇಡಿ, ಕೊಟ್ಟುಬಿಡಿ. ಕಮ್ಮಿ ಸ್ಟ್ಯಾಂಪ್ ಆಗಿ ಮಧ್ಯದಲ್ಲಿ ನಿಂತರೆ ಕೇಳುವವರಿಲ್ಲ. ದೇಶದ ಹೆಸರನ್ನು ಕೊನೆಗೆ ದೊಡ್ಡ ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ, ಏರ್‌ಮೇಲ್ ಅಂತಲೂ ಬರೆಯಿರಿ. ವಿಳಾಸವನ್ನು ಮಾತ್ರ ಕಳಿಸುವ ದಿನ ಪೋಸ್ಟ್‌ಸೀಕ್ರೆಟ್ ತಾಣದಲ್ಲೇ ನೋಡಿಕೊಳ್ಳಿ. ಪೋಸ್ಟ್‌ಸೀಕ್ರೆಟ್‌ನ ಹಳೇ ಪುಸ್ತಕಗಳಲ್ಲಿರೋದು ಫ್ರಾಂಕ್ ವಾರನ್‌ನ ಹಳೇ ಮನೆಯ ವಿಳಾಸ.

ಕೌಂಟರಿನಲ್ಲಿದ್ದವರು ಕಾರ್ಡನ್ನು ತಿರುಗಿಸಿ ನೋಡಿದರು. ನನಗೆ ಬೆವರು. "ಫ್ರಮ್ ಅಡ್ರೆಸ್ ಬರೆದಿಲ್ಲ" ಅಂದರು. ಬೇಡ ಸರ್ ಅಂದೆ. "ವಾಪಸ್ ಬರಲ್ಲ ಮತ್ತೆ." ಪರವಾಗಿಲ್ಲ ಅಂದೆ. ಚಿತ್ರವನ್ನು ಇನ್ನೊಂದು ಸಲ ನೋಡಿ "ದಾಸವಾಳ, ಅಲ್ವಾ" ಅಂದರು. ಓದಿದರೋ ಇಲ್ಲವೋ ಗೊತ್ತಿಲ್ಲ, ಓದಿದ್ದರೂ ಮುಖದಲ್ಲಿ ಏನೂ ತೋರಿಸಲಿಲ್ಲ. ಇಲ್ಲೇ ಸೀಲ್ ಹೊಡೆದುಬಿಡಿ ಅಂತ ಕೇಳಿಕೊಂಡೆ. ಹಾಗೆ ಕೇಳೋದು ಒಳ್ಳೆಯದು, ಚೆಂದದ ಸ್ಟ್ಯಾಂಪ್ ಕೆಲವೊಮ್ಮೆ ದಾರಿಯಲ್ಲಿ ಕಳಚಿಹೋಗುತ್ತದೆ. ಅವರು ಟಪಟಪ ಅಂತ ಎರಡು ಹೊಡೆದು ಪಕ್ಕದ ಟ್ರೇಗೆ ಹಾಕಿದರು. ಅಷ್ಟೇ. ಹಗುರ ಆಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಹಸಿವಾಯಿತು, ಹೋಗಿ ಎರಡು ಇಡ್ಲಿ ತಿಂದೆ.

ಅದೇ ವಾರ ದೀಪಾವಳಿಗೆ ಊರಿಗೆ ಹೋದೆವು. ಅಕ್ಕನೂ ಬಂದಿದ್ದಳು. ಬಲಿಪಾಡ್ಯಮಿ ದಿನ ಮಧ್ಯಾಹ್ನ ಯಾರೋ ಅತ್ತೆ ನನ್ನ ಕೆಲಸದ ಬಗ್ಗೆ ಕೇಳುತ್ತಾ ಅಕ್ಕನ ಕಡೆ ತಿರುಗಿ "ನೀನೂ ಓದ್ಕೊಂಡಿದ್ರೆ..." ಅಂದರು. ಅಕ್ಕ ಎಂದಿನಂತೆ "ಅಯ್ಯೋ, ನಂಗೆ ತಲೆಗೆ ಹತ್ತುತ್ತಿತ್ತಾ" ಅಂತ ನಕ್ಕಳು. ಇಂಥ ಹೊತ್ತಲ್ಲಿ ನಾನು ಯಾವಾಗಲೂ ನೆಲ ನೋಡುತ್ತೇನೆ ಇಲ್ಲ ಎದ್ದು ಹೋಗುತ್ತೇನೆ. ಈ ಸಲ ಬಾಯಿಗೆ ಬಂದೇಬಿಟ್ಟಿತು. "ಬಾಟನಿ ರೆಕಾರ್ಡ್ ಕಾಲೇಜಿಗೇ ಫಸ್ಟ್ ಇವಳದು" ಅಂದೆ. ಅಕ್ಕ ಒಂದು ಕ್ಷಣ ನನ್ನನ್ನೇ ನೋಡಿದಳು. "ಹೌದು, ಅದೊಂದು ಚೆನ್ನಾಗಿ ಬರೀತಿದ್ದೆ" ಅಂದಳು. ಆಮೇಲೆ ಅತ್ತೆಗೆ ದಾಸವಾಳ, ಬಟಾಣಿ ಹೂವು ಹೇಗೆ ಬ್ಲೇಡಿನಲ್ಲಿ ಸೀಳಬೇಕು, ನಡುಗದ ಹಾಗೆ ಕೈ ಹೇಗೆ ಹಿಡಿಯಬೇಕು ಅಂತ ಹೇಳುತ್ತಾ ಕೂತಳು. ಅತ್ತೆಗೆ ಅದರಲ್ಲಿ ಏನೂ ಆಸಕ್ತಿ ಇರಲಿಲ್ಲ.

ಕಾರ್ಡ್ ಇನ್ನೂ ಪೋಸ್ಟ್‌ಸೀಕ್ರೆಟ್ ತಾಣದಲ್ಲಿ ಬಂದಿಲ್ಲ. ಬರುವ ಕಾರ್ಡುಗಳಲ್ಲಿ ಹಾಕೋದು ತೀರಾ ಕೆಲವನ್ನು, ಹಾಗಾಗಿ ಬರದೇ ಇರುವ ಸಾಧ್ಯತೆಯೇ ಜಾಸ್ತಿ ಅಂತ ಮೊದಲೇ ಮನಸ್ಸಿಗೆ ಹೇಳಿಕೊಂಡು ಕಳಿಸಿ. ಮೊದಮೊದಲು ಭಾನುವಾರ ಸಂಜೆಯಿಂದಲೇ ನೋಡುತ್ತಿದ್ದೆ. ಆಮೇಲೆ ಹೊಳೆಯಿತು, ಅವರ ಭಾನುವಾರ ಅಂದರೆ ನಮಗೆ ರಾತ್ರಿಯೋ ಸೋಮವಾರ ಬೆಳಿಗ್ಗೆಯೋ ಆಗಿಬಿಟ್ಟಿರುತ್ತದೆ. ಈಗ ಸೋಮವಾರ ಬಸ್ಸಿನಲ್ಲಿ ಹೋಗುವಾಗ ನೋಡುತ್ತೇನೆ. ನನ್ನದಿಲ್ಲ ಅಂತ ಗೊತ್ತಾದ ಮೇಲೂ ಉಳಿದವನ್ನು ಪೂರ್ತಿ ಓದುತ್ತೇನೆ. ಕಳಿಸುವ ಯೋಚನೆ ಇರುವವರು ಮೊದಲು ಒಂದಷ್ಟು ವಾರ ಹಾಗೆ ಓದಿ ನೋಡಿ. ಜಪಾನಿಗಾದರೂ ಸರಿ, ಅಮೆರಿಕಕ್ಕಾದರೂ ಸರಿ, ಹೊರಡುವ ಮೊದಲು ಅಂಚೆ ಇಲಾಖೆಯವರು ಆ ದೇಶಕ್ಕೆ ಬುಕಿಂಗ್ ತಗೊಳ್ಳುತ್ತಿದ್ದಾರಾ ಅಂತ ಒಂದು ಫೋನ್ ಮಾಡಿ ಕೇಳಿಕೊಳ್ಳಿ. ಹೋದ ಕೂಡಲೇ ಸಾದಾ ಅಂಚೆ ಅಂತ ಹೇಳಿ, ಇಲ್ಲದಿದ್ದರೆ ಸ್ಪೀಡ್ ಪೋಸ್ಟ್ ಫಾರ್ಮ್ ಕೈಗೆ ಕೊಟ್ಟುಬಿಡುತ್ತಾರೆ.